ನಾಲ್ಕನೆಯ ಅಂಚು

ಪ್ರೇಮಕುಮಾರ ಸೊಂಟದವರೆಗೂ ಮಂಚದ ಕೆಳಗೆ ಹೋಗಿಬಿಟ್ಟಿದ್ದ. ಹೊರಗೆ ಉಳಿದಿದ್ದು ಎರಡು ಕಾಲು ಮತ್ತು ಆಗಾಗ ಕೇಳುವ ಒಂದು ಬೈಗುಳ. ಅವನ ತಾಯಿ ಹುಲಿಗೆವ್ವನನ್ನು ಹೊರಗೆ ಓಣಿಯಲ್ಲಿ, ಪಕ್ಕದ ಲೇತ್ ಅಂಗಡಿಯಿಂದ ತಂದ ಬೆಂಚಿನ ಮೇಲೆ ಮಲಗಿಸಿದ್ದರು. ಹೊದಿಸಲು ಒಂದು ಹೊಸ ಬಟ್ಟೆ ಬೇಕಾಗಿತ್ತು. ಆ ಮನೆಯಲ್ಲಿ ಹೊಸ ಬಟ್ಟೆ ಹುಡುಕುವುದೆಂದರೆ ಪುಣೆಯ ಕಾರ್ಖಾನೆಗಳ ಪೇಟೆ ಭೋಸರಿಯಲ್ಲಿ ಜಿಂಕೆ ಹುಡುಕಿದ ಹಾಗೆ. ಹೊಸದೊಂದು ಬಂತೆಂದರೆ ಅದು ಯಾವಾಗ ಹಳೆಯದಾದೀತೆಂದು ಹುಲಿಗೆವ್ವ ಕಣ್ಣಿಟ್ಟು ಕಾಯುತ್ತಿದ್ದಳು. ತಡವಾದರೆ ಕತ್ತರಿ ಹಿಡಿದು ತಾನೇ ಅದಕ್ಕೆ ವಯಸ್ಸು ಮಾಡುತ್ತಿದ್ದಳು.

"ಸಿಕ್ತೇನೋ?" ಬಾಗಿಲಲ್ಲಿ ನಿಂತ ಅವ್ವಣ್ಣ ಕೇಳಿದ. ಅವನು ಹುಲಿಗೆವ್ವನ ತಮ್ಮ. ಸುದ್ದಿ ತಿಳಿದ ಕೂಡಲೇ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಬೆಳಿಗ್ಗೆ ಬಂದು ಇಳಿದಿದ್ದ. ಇಳಿದಾಗಿನಿಂದ ಒಂದು ಕಡೆ ಕೂತಿರಲಿಲ್ಲ.

"ಇಲ್ಲ ಮಾಮಾ. ಬರೇ ಚಿಂದಿ."

"ಚಿಂದೀನ ಇರ್ತಾವ. ಅದನ್ನ ಬಿಟ್ಟು ನಿಮ್ಮವ್ವ ಮತ್ತೇನ್ ಗಳಿಸ್ಯಾಳ."

ಆಗ ಮಂಚದ ಕೆಳಗಿನಿಂದ ಒಂದು ಗಂಟು ಹೊರಬಂತು. ಸಿಮೆಂಟ್ ಚೀಲದಲ್ಲಿ ಸುತ್ತಿ, ಮೇಲೆ ಹಗ್ಗ ಬಿಗಿದಿದ್ದ ಗಂಟು. ಗೋಡೆಗೆ ಒರಗಿ ಕೂತಿದ್ದ ಶರಣಮ್ಮ, ಹುಲಿಗೆವ್ವನ ಒಬ್ಬಳೇ ಮಗಳು, ತಳೇಗಾಂವಕ್ಕೆ ಕೊಟ್ಟವಳು, ಮುಂದಕ್ಕೆ ಬಂದು ಹಗ್ಗ ಬಿಚ್ಚಿದಳು. ಒಳಗಿನದನ್ನು ಹಾಸಲು ಕೋಣೆ ಸಾಲಲಿಲ್ಲ. ಅರ್ಧ ಹೊಸ್ತಿಲು ದಾಟಿ ಓಣಿಗೆ ಬಿತ್ತು. ಓಣಿಯಲ್ಲಿ ಮಾತಾಡುತ್ತಿದ್ದವರು ಕತ್ತು ಚಾಚಿ ನೋಡಿದರು.

ಅದೊಂದು ಕೌದಿ. ಅಂಥ ಕೌದಿ ಪುಣೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಪೇಶ್ವೆಗಳಿಗೆ ಇಂಥದೊಂದು ಹೊದಿಯಲು ಸಿಕ್ಕಿದ್ದರೆ ಅವರು ಯುದ್ಧಕ್ಕೆಂದು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ. ಆದರೆ ಶರಣಮ್ಮ ಅದರ ಚೆಂದ ನೋಡುತ್ತಿರಲಿಲ್ಲ. ತುಂಡು ತುಂಡನ್ನೂ ಬೆರಳಿನಿಂದ ಮುಟ್ಟುತ್ತಿದ್ದಳು. ಮಹಾನಗರಪಾಲಿಕೆ ಶಾಲೆಯ ನೀಲಿ ಲಂಗ. ಕಾಕನ ಮದುವೆಗೆ ಹಾಕಿಕೊಂಡಿದ್ದ ಹಳದಿ ಫ್ರಾಕು. ಇಸ್ತ್ರಿಯಲ್ಲಿ ಸುಟ್ಟ ದುಪಟ್ಟಾ, ಸುಟ್ಟ ಜಾಗದ ಮೇಲೆ ಒಂದು ಬಿಳಿ ಹೂವು. ಇವನ್ನೆಲ್ಲ ಅವಳು ಒಂದೊಂದು ಕಾಲಕ್ಕೆ ಮನೆಯೆಲ್ಲ ಹುಡುಕಿ ಅತ್ತಿದ್ದಳು. "ಇಲಿ ಒಯ್ದಿರಬೇಕು," ಎಂದಿದ್ದಳು ಅವ್ವ. ಇಲಿ ಒಯ್ದದ್ದೆಲ್ಲ ಇಲ್ಲಿತ್ತು.

"ಇದು ನಂದು," ಎಂದಳು ಶರಣಮ್ಮ. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು.

ಅವ್ವಣ್ಣ ಬಗ್ಗಿ ಅಂಚು ನೋಡಿದ. ನಡುವಿನ ಸಾಲುಗಳು ಮುಗಿದಿದ್ದವು. ಒಂದು ಅಂಚು ಮಡಚಿ ಹೊಲಿದಾಗಿತ್ತು. ಮೂರು ಅಂಚು ಬಾಯಿ ತೆರೆದುಕೊಂಡೇ ಇದ್ದವು, ಒಳಗಿನ ಹಳೆ ಸೀರೆಗಳ ಪದರ ಕಾಣುತ್ತಿತ್ತು.

"ನಿಂದಲ್ಲ ಯವ್ವಾ. ಇದು ಅಕ್ಕನ ಜೋಡಿ ಹೋಗ್ತದ. ಕುಣಿಯೊಳಗ."

"ಯಾಕ?"

"ಸತ್ತಾಕಿ ಅರ್ಧ ಬಿಟ್ಟ ಕೌದಿ ಮನ್ಯಾಗ ಇಡಬಾರ್ದು. ಇಟ್ಕೊಂಡಾಕಿಗೆ ಅದರ ಚಡಪಡಿಕಿ ಹತ್ಕೊಂತದ. ನಮ್ಮವ್ವ ಸತ್ತಾಗ ಹಿರ್ಯಾರು ಅಂದ್ರು, ಆಕಿ ಅರ್ಧ ಕೌದಿ ಕುಣಿಗೆ ಹಾಕ್ರಿ ಅಂತ. ನಿಮ್ಮವ್ವ ಕೇಳಿದಳೇನು? ಬಗಲಾಗ ಇಟ್ಕೊಂಡು ಪುಣೆಕ್ಕ ಓಡಿ ಬಂದಳು. ಮುಂದ ಒಂದು ದಿನರ ಕೈ ಕಟ್ಟಿ ಕೂತಾಳೇನು? ನಿನ್ನ ಮದುವ್ಯಾಗ ಕೂತಳೇನು? ಮೊನ್ನೆ ನಮ್ಮೂರಿಗೆ ಬಂದಾಗ ಊಟದ ತಾಟು ಮುಂದಿಟ್ಟರ ಒಂದು ಕೈಲೆ ಉಂಡು ಇನ್ನೊಂದು ಕೈಲೆ ಹೊಲ್ಯಾಕತ್ತಿದ್ದಳು. ಆ ರೋಗ ನಿನಗ ಬ್ಯಾಡ."

"ರೋಗ ಇದ್ರ ಇರ್ಲಿ. ನಾ ಬಿಡಾಂಗಿಲ್ಲ ಮಾಮಾ."

ಹೊಸ್ತಿಲಲ್ಲಿ ಕೂತಿದ್ದ ಗೋದಾಬಾಯಿ ತಲೆ ಎತ್ತಿದಳು. ಪಕ್ಕದ ಮನೆಯವಳು, ಮರಾಠಿಯವಳು. ಹುಲಿಗೆವ್ವನ ಜೊತೆ ಜಗಳವಾಡಲಿಕ್ಕೆಂದೇ ಕನ್ನಡ ಕಲಿತವಳು. ಅವಳೂ ಹೊಲಿಯುತ್ತಿದ್ದಳು, ಅವಳ ಬಾಯಲ್ಲಿ ಇದೇ ಕೌದಿ ಗೋಧಡಿಯಾಗುತ್ತಿತ್ತು.

"ಅವ್ವಣ್ಣಾ, ಪೂರಾ ಆದ್ರ? ಮಗ್ ಕಾಯ್, ಆಗೇನು?"

"ಪೂರಾ ಆದ್ರ ಆತು. ಪೂರಾ ಆದ ಕೌದಿಗೆ ಯಾವ ದೋಷನೂ ಇಲ್ಲ. ಆದ್ರ ಹೆಣ ಎತ್ತೂದ್ರೊಳಗ ಆಗಬೇಕು." ಅವ್ವಣ್ಣ ಮೂರು ಅಂಚುಗಳನ್ನು ಇನ್ನೊಮ್ಮೆ ನೋಡಿ ಮೂಗಿನಲ್ಲೇ ನಕ್ಕ. "ಗಾಡಿ ಇನ್ನೇನು ಬರ್ತದ."

"ಸೂಜಿ ಆಣ್, ತಗೊಂಬಾ," ಎಂದು ಗೋದಾಬಾಯಿ ತನ್ನ ಮನೆಯ ಕಡೆ ಕೂಗಿದಳು.

*

ಹುಲಿಗೆವ್ವನಿಗೆ ಪುರಸೊತ್ತು ಎಂಬುದು ಯಾವತ್ತೂ ಸಿಕ್ಕಿರಲಿಲ್ಲ; ಹಾಗಾಗಿ ಅವಳು ಅದನ್ನು ಕದಿಯುತ್ತಿದ್ದಳು.

ಪಿಂಪ್ರಿ-ಚಿಂಚವಾಡದಲ್ಲಿ ಇವತ್ತು ಮೋಡಕ್ಕೆ ತಲೆ ತಾಗಿಸಿ ನಿಂತಿರುವ ಕಟ್ಟಡಗಳಲ್ಲಿ ಅರ್ಧವನ್ನು ಅವಳೇ ಬುಟ್ಟಿಯಲ್ಲಿ ಹೊತ್ತು ಮೇಲೇರಿಸಿದ್ದಾಳೆ, ಉಳಿದರ್ಧಕ್ಕೆ ನೀರು ಹೊಡೆದಿದ್ದಾಳೆ. ಕೆಲಸದ ನಡುವೆ ಅವಳು ಕೂಲಿಗಳ ಮೇಲ್ವಿಚಾರಕ ಮುಕಾದಮನಿಗೆ ಕಿರುಬೆರಳು ತೋರಿಸಿ ಮರಳಿನ ಗುಡ್ಡೆಯ ಹಿಂದೆ ಹೋಗುತ್ತಿದ್ದಳು. ಅಲ್ಲಿ ಕೂತು ಒಂದು ಸಾಲು ಹೊಲಿದು ಬರುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ. ಪಾಪ, ಈ ಹೆಂಗಸಿಗೆ ಸಕ್ಕರೆ ಕಾಯಿಲೆ ಬಡಿದಿದೆ ಎಂದು ತಿಳಿದ ಮುಕಾದಮ ಮನೆಯಿಂದ ಮೆಂತ್ಯ ನೆನೆಹಾಕಿಸಿ ತಂದುಕೊಟ್ಟ. ಅವಳು ಅದನ್ನೂ ತಿಂದಳು. ಸುಳ್ಳು ಹೇಳಿ ಮೆಂತ್ಯ ತಿನ್ನುವುದಕ್ಕಿಂತ ನಿಜ ಹೇಳಿ ಬೈಸಿಕೊಳ್ಳುವುದು ವಾಸಿ ಎನ್ನಬಹುದು. ಆದರೆ ನಿಜ ಹೇಳಿದ್ದರೆ ಆ ಸಾಲು ಹೋಗುತ್ತಿತ್ತು.

ಕೆಲಸಕ್ಕೆ ಒಯ್ಯುವ ಟೆಂಪೋದಲ್ಲಿ ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋದರೆ ಅವಳು ಹೊಲಿಯುತ್ತಿದ್ದಳು. ಟೆಂಪೋ ಗುಂಡಿಗೆ ಇಳಿದಾಗ ಎಲ್ಲರೂ ಛಾವಣಿಗೆ ತಲೆ ಹೊಡೆದುಕೊಳ್ಳುತ್ತಿದ್ದರು. ಅವಳೂ ಹಾರುತ್ತಿದ್ದಳು, ಸೂಜಿ ಮಾತ್ರ ಇದ್ದಲ್ಲೇ ನಿಂತು ಅವಳು ಕೆಳಗೆ ಬರುವುದನ್ನು ಕಾಯುತ್ತಿತ್ತು. ಸುಳ್ಳೆನ್ನುವವರು ಗೋದಾಬಾಯಿಯನ್ನು ಕೇಳಬಹುದು. ಅವಳು ಇದಕ್ಕಿಂತ ದೊಡ್ಡದು ಹೇಳುತ್ತಾಳೆ.

ಜನರನ್ನು ಕಂಡರೆ ಅವಳು ಮುಖ ನೋಡಿ ಮಾತಾಡುತ್ತಿರಲಿಲ್ಲ. ಸೀರೆ ನೋಡಿ ಮಾತಾಡುತ್ತಿದ್ದಳು. "ಇದು ಯಾವಾಗ ಹರೀತದ ಬಾಯಿ?" ಎಂದು ಮದುವೆ ಮನೆಯಲ್ಲಿ ಬೀಗಿತ್ತಿಯನ್ನೇ ಕೇಳಿದ್ದುಂಟು. ಒಮ್ಮೆ ತಾರಸಿಯ ಮೇಲೆ ಮೇಸ್ತ್ರಿಯೊಬ್ಬ ಒಡೆದ ಟೈಲ್ಸ್ ಚೂರುಗಳನ್ನು ಒಂದರ ಪಕ್ಕ ಒಂದು ಕೂಡಿಸುತ್ತಿದ್ದ. ಹುಲಿಗೆವ್ವ ತಲೆಯ ಮೇಲೆ ತುಂಬಿದ ಬುಟ್ಟಿ ಇದೆ ಎಂಬುದನ್ನೇ ಮರೆತು ನಿಂತಳು.

"ಮುಂದ ಹೋಗವ್ವಾ. ಏನ್ ನೋಡ್ತಿ?"

"ಆ ನೀಲಿ ಚೂರು ಈ ಕಡಿ ಇಡ್ರಿ. ಅಲ್ಲಿ ಅದಕ್ಕ ಉಸಿರು ಕಟ್ಟೇದ."

"ಇದೇನು ನಿನ್ನ ಕೌದಿ ಅಲ್ಲ," ಎಂದ ಮೇಸ್ತ್ರಿ. ಅವಳು ಕೆಳಗಿಳಿದ ಮೇಲೆ ಆ ಕಡೆ ಈ ಕಡೆ ನೋಡಿ ನೀಲಿ ಚೂರನ್ನು ಸರಿಸಿದ. ಅವತ್ತು ಮನೆಗೆ ಬಂದವಳು ಅನ್ನಕ್ಕೆ ಇಡುವುದನ್ನು ಬಿಟ್ಟು ಚಿಂದಿಗಳನ್ನು ಚೂರುಚೂರಾಗಿ ಕತ್ತರಿಸಿದಳು. ಮಕ್ಕಳು ಗೋದಾಬಾಯಿಯ ಮನೆಯಲ್ಲಿ ಉಂಡರು.

ಸಾವಿನ ಮನೆಗೆ ಹೋದಾಗಲೂ ಅಳುವವರ ನಡುವೆ ಕೂತು ಹೊಲಿಯುತ್ತಿದ್ದಳು. ಅಳು ಬಂದರೆ ಸೆರಗಿನ ಬದಲು ಕೌದಿಗೇ ಒರೆಸಿಕೊಳ್ಳುತ್ತಿದ್ದಳು. ಭೋಸರಿಯಿಂದ ತಳೇಗಾಂವದವರೆಗೆ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಗಳನ್ನೇ ಒದ್ದೆ ಮಾಡಿವೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ, ಇದ್ದರೂ ಸಣ್ಣದು. ನಿನ್ನೆ ಸಂಜೆ ನಳದ ಸಾಲಿನಲ್ಲಿ ಕೂತು ಅಂಥದೇ ಒಂದು ಕೂಸಿನ ಕೌದಿ ಹೊಲಿಯುತ್ತಿದ್ದಳು. ಕೊಡ ತುಂಬಿ ಹರಿದರೂ ಎದ್ದು ಬರಲಿಲ್ಲ. ಆಗಲೇ ಹೆಂಗಸರಿಗೆ ಸಂಶಯ ಬಂದದ್ದು.

*

ಹೊಸ ಬಟ್ಟೆಯನ್ನು ಕೊನೆಗೆ ಅಂಗಡಿಯಿಂದಲೇ ತರಿಸಿದರು. ಕೌದಿಯನ್ನು ಬೆಂಚಿನ ಪಕ್ಕದಲ್ಲೇ, ಓಣಿಯ ನಡುವೆ ಹಾಸಿದರು. ಮೂರು ಅಂಚಿಗೆ ಮೂರು ಜನ. ಒಂದಕ್ಕೆ ಗೋದಾಬಾಯಿ, ಇನ್ನೊಂದಕ್ಕೆ ಇಂದೂ. ಇಂದೂ ಎದುರು ಮನೆಯವಳು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವವಳು, ಕೈಗಿಂತ ನಾಲಿಗೆ ಚುರುಕು. ಮೂರನೆಯದಕ್ಕೆ ಇನ್ನೊಬ್ಬಳು ಕೂರಲು ಹೋದಾಗ ಶರಣಮ್ಮ ಅವಳನ್ನು ಸರಿಸಿ ತಾನೇ ಕೂತಳು. ಕಾಲು ಮಡಚಿ ಕೌದಿಯ ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಸೂಜಿ ಹಿಡ್ಯೋದ ನೋಡ್ರಿ, ಉಳ್ಳಾಗಡ್ಡಿ ಹೆಚ್ಚೋ ಚಾಕು ಹಿಡಿದಂಗ," ಎಂದಳು ಇಂದೂ.

"ನಾ ಎಂದೂ ಹಿಡಿದಿಲ್ಲ."

"ಹುಲಿಗೆವ್ವನ ಮಗಳು ಅದೀ. ಸೂಜಿ ಹಿಡಿದಿಲ್ಲಂತ."

"ಅದಕ್ಕ ಹಿಡಿದಿಲ್ಲ."

ಇಂದೂ ತಲೆ ಕೆಳಗೆ ಹಾಕಿದಳು. ಸೂಜಿಗಳು ಓಡತೊಡಗಿದವು. ಲೇತ್ ಅಂಗಡಿಯವನು ಸಾವಿಗೆ ಮರ್ಯಾದೆ ಕೊಟ್ಟು ಮಷೀನು ನಿಲ್ಲಿಸಿದ್ದ; ಹಾಗಾಗಿ ದಪ್ಪ ಬಟ್ಟೆಯನ್ನು ದಾರ ದಾಟುವ ಸಪ್ಪಳ ಕೇಳುತ್ತಿತ್ತು. ಅದನ್ನು ಅವ್ವಣ್ಣನಿಗೆ ಸಹಿಸಲಾಗಲಿಲ್ಲ. ಓಣಿಯ ಬಾಯಿಗೆ ಹೋಗಿ ಗಾಡಿ ಬಂತೇ ನೋಡಿದ, ತಿರುಗಿ ಬಂದು ಅಂಚು ನೋಡಿದ, ಮತ್ತೆ ಓಣಿಯ ಬಾಯಿಗೆ ಹೋದ. ಪ್ರೇಮಕುಮಾರನ ಫೋನು ಬಡಿದುಕೊಳ್ಳುತ್ತಲೇ ಇತ್ತು.

"ಮುಂಜಾನಿಂದ ಕುಣಿ ತೋಡಿ ಕೂತಾರಂತ ಮಾಮಾ. ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳಾಕತ್ತಾರ."

"ನನ್ನ ಏನ್ ಕೇಳ್ತಿ? ಈ ಹೆಂಗಸರ ಕಾರಖಾನೀನ ಕೇಳು."

ಗೋದಾಬಾಯಿ ಹಳೆಯ ಅಂಚನ್ನು, ಹುಲಿಗೆವ್ವ ತಾನೇ ಹೊಲಿದಿದ್ದನ್ನು, ಉಗುರಿನಿಂದ ಕೆರೆದು ನೋಡಿದಳು. "ಅಕ್ಕಾಂದು ಟಾಕಾ ಬಘ, ಹೊಲಿಗಿ ನೋಡು. ಒಂದೊಂದು ಏವಢಾ ಮೋಠಾ, ಇಷ್ಟು ದೊಡ್ಡದು. ಒಳಗ ಒಂಟೆ ಹೋಗ್ತದ. ನಾ ಎಷ್ಟು ಹೇಳ್ದೆ, ಸಣ್ಣ ಹಾಕ, ಸಣ್ಣ ಹಾಕ. ಕೇಳಲಿಲ್ಲ."

"ಆಕಿ ಏನಂತಿದ್ದಳು?" ಶರಣಮ್ಮ ಕೇಳಿದಳು.

"ಆಕಿ? 'ನೀ ಸಣ್ಣ ಹಾಕ್ಕೋಂತ ಕೂಡು, ನಿನ್ನ ಗೋಧಡಿ ಮುಗಿಯೂದ್ರೊಳಗ ಚಳಿಗಾಲನ ಮುಗೀತದ' ಅಂತಿದ್ದಳು."

ಬೆಂಚಿನ ಹತ್ತಿರ ಕೂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುವೋ ನಗುವೋ ಗೊತ್ತಾಗಲಿಲ್ಲ.

"ಇದನ್ನ ನನಗ ಸುದ್ಧಾ ತೋರಿಸಿಲ್ಲ," ಎಂದಳು ಗೋದಾಬಾಯಿ, ದನಿ ತಗ್ಗಿಸಿ. "ಇಷ್ಟು ವರ್ಷ ಗೋಡಿಗೆ ಗೋಡಿ ಹಚ್ಚಿ ಇದ್ದೆ. ನನ್ನಿಂದ ಮುಚ್ಚಿಟ್ಟಾಳ."

ಯಾಕೆ ಮುಚ್ಚಿಟ್ಟಿದ್ದಳೆಂದು ಶರಣಮ್ಮನಿಗೆ ಗೊತ್ತಿತ್ತು. ಗೋದಾಬಾಯಿಗೂ ಗೊತ್ತಿತ್ತು. ಇಬ್ಬರೂ ತಮ್ಮ ತಮ್ಮ ಅಂಚಿನ ಮೇಲೆ ಬಗ್ಗಿದರು.

*

ಮಗಳ ಗಂಟಿನ ಜೊತೆ ತವರಿನ ಕೌದಿ ಹೋಗಬೇಕು. ಅವರ ಕಡೆ ತಾಳಿಯ ನಂತರ ಅದೇ. ಶರಣಮ್ಮ ತಳೇಗಾಂವದ ಗಂಡನ ಮನೆಗೆ ಹೋದ ದಿನ ಅವಳ ಅತ್ತೆ ಗಂಟನ್ನು ಬಿಚ್ಚಿ, ಒಂದೊಂದೇ ತೆಗೆದಿಟ್ಟು, ತಳದಲ್ಲಿ ಕೈಯಾಡಿಸಿ, "ಕೌದಿ ಹಿಂದಿನ ಗಾಡ್ಯಾಗ ಬರ್ತದೇನು?" ಎಂದು ಕೇಳಿದ್ದಳು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಊರಿಗೆಲ್ಲ ಕೌದಿ ಹೊಲಿಯುವವಳ ಮಗಳು ಅಂಗಡಿಯ ಚಾದರ ಹೊದ್ದು ಮಲಗಿದಳು.

"ಪಂಚಮಿಗಿ ಕೊಡ್ತೀನಿ," ಎಂದಿದ್ದಳು ಹುಲಿಗೆವ್ವ. ಪಂಚಮಿ ಬಂತು, ಹೋಯಿತು. "ಮುಂದಿನ ಪಂಚಮಿಗಿ." ನಡುವೆ ಯಾರದೋ ಬಾಣಂತನ, ಯಾರದೋ ಕೂಸಿನ ಹೆಸರಿಡುವುದು, ಯಾರಿಗೋ ಜ್ವರ. ಹುಲಿಗೆವ್ವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಇಲ್ಲ ಎಂದು ಹೇಳಲು ಅವಳಿಗೆ ಗೊತ್ತಿದ್ದದ್ದು ಮಗಳ ಹತ್ತಿರ ಮಾತ್ರ.

ಒಂದು ಚಳಿಗಾಲ ಶರಣಮ್ಮ ತವರಿಗೆ ಬಂದಾಗ ಕೌದಿ ಸಿದ್ಧವಾಗಿ ಮಂಚದ ಮೇಲೆ ಕೂತಿತ್ತು. ಅವಳು ಅದನ್ನು ಹೊದ್ದು ಮಲಗಿದಳು. ಬೆಳಗಿನ ಜಾವ ಪಕ್ಕದ ಮನೆಯಲ್ಲಿ ಗದ್ದಲ. ಗೋದಾಬಾಯಿಯ ಮಗಳು ದಿನ ತುಂಬುವ ಮೊದಲೇ ಹೆತ್ತಿದ್ದಳು. ಕೂಸು ಅಂಗೈಯಷ್ಟಿತ್ತು, ನೀಲಿಗಟ್ಟಿತ್ತು. ಹುಲಿಗೆವ್ವ ಮಲಗಿದ್ದ ಮಗಳ ಮೈಮೇಲಿಂದಲೇ ಕೌದಿ ಎಳೆದಳು.

"ಅವ್ವಾ, ಅದು ನಂದು."

"ಕೂಸು ಅದ ಯವ್ವಾ. ನೀ ದೊಡ್ಡಾಕಿ."

ಕೂಸು ಬದುಕಿತು. ಈಗ ಅವನಿಗೆ ಮೀಸೆ ಬಂದಿದೆ. ಶರಣಮ್ಮ ಅವತ್ತು ಚಹಾ ಕುಡಿಯದೆ ಲೋಕಲ್ ಹಿಡಿದು ತಳೇಗಾಂವಕ್ಕೆ ಹೋದಳು. ಮುಂದೆ ತವರಿಗೆ ಬಂದಾಗ ಅವ್ವ ಸೂಜಿ ತೆಗೆದರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ಕೌದಿಯ ಮಾತು ಅವಳೂ ಎತ್ತಲಿಲ್ಲ, ಹುಲಿಗೆವ್ವನೂ ಎತ್ತಲಿಲ್ಲ. ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಕೊಟ್ಟುಬಿಡುತ್ತೇನೆ ಎಂದು ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ, ಹುಲಿಗೆವ್ವ ಮುಂದಿನದನ್ನು ಸಿಮೆಂಟ್ ಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಸೇರಿಸಿದಳು. ಯಾರೂ ಇಲ್ಲದಾಗ ಮಾತ್ರ ತೆಗೆಯಬೇಕು. ಆ ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ಎಲ್ಲಿಂದ ಬರಬೇಕು.

*

ಶವದ ಗಾಡಿ ಬಂತು. ಓಡಿಸುತ್ತಿದ್ದ ಬಾಬು ಇಳಿದು, ಬೆಂಚಿನ ಮೇಲಿನ ಹೆಣವನ್ನೂ ಅದರ ಪಕ್ಕ ಹೊಲಿಯುತ್ತ ಕೂತ ಹೆಂಗಸರನ್ನೂ ನೋಡಿ, "ಮಯತ್ ಆಹೇ ಕೀ ಕಾರ್‌ಖಾನಾ?" ಎಂದ. ಸಾವೋ ಕಾರಖಾನೆಯೋ ಎಂದು ಕೇಳಿದ ಅವನ ಕೈಗೆ ಗೋದಾಬಾಯಿ ಎದ್ದೇಳದೆಯೇ ಚಹಾ ಕೊಡಿಸಿದಳು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. ಇಂಥ ಉಪಚಾರ ಬಾಬುವಿಗೆ ಯಾವ ಸಾವಿನ ಮನೆಯಲ್ಲೂ ಸಿಕ್ಕಿರಲಿಲ್ಲ. ಮದುವೆ ಮನೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಗೋದಾಬಾಯಿಯ ಅಂಚು ಮುಗಿಯಿತು. ಇಂದೂಳದೂ ಮುಗಿಯಿತು. ಶರಣಮ್ಮ ಇನ್ನೂ ಅರ್ಧ ದಾರಿಯಲ್ಲಿದ್ದಳು. ಇಂದೂ ಆ ಕಡೆಯ ತುದಿಯಿಂದ ಶುರು ಮಾಡಲು ಹೋದಳು.

"ಕೈ ತಗಿ."

"ಹೊತ್ತಾಗ್ತದ ಶರಣಿ. ಗಾಡಿ ನಿಂತದ."

"ಒಂದರ ನಾ ಹಾಕ್ತೀನಿ. ಎಲ್ಲಾ ನೀವ ಹಾಕಿದ್ರ ಆಕಿದು ನನಗ ಏನ್ ಬಂದಂಗಾತು?"

ಬೆರಳಿಗೆ ಚುಚ್ಚಿಕೊಂಡು ರಕ್ತ ಬಂದಿತ್ತು. ಅವಳು ಅದನ್ನು ಬಾಯಿಗಿಟ್ಟುಕೊಂಡು ಮತ್ತೆ ಹೊಲಿದಳು. ಸಾಲು ಹಾವಿನಂತೆ ಹೊರಳುತ್ತಿತ್ತು. ಒಂದು ಟಾಕಾ ಸಾಸಿವೆಯಷ್ಟು, ಇನ್ನೊಂದರೊಳಗೆ ನಿಜಕ್ಕೂ ಒಂಟೆ ಹೋಗುವಷ್ಟು. ಬಾಬು ಎರಡನೆಯ ಲೋಟ ಕೆಳಗಿಟ್ಟು ಹಾರ್ನ್ ಹೊಡೆದ. ಅವನಿಗೆ ಚಿಖಲಿಯಲ್ಲಿ ಇನ್ನೊಂದು ಹೆಣ ಕಾಯುತ್ತಿತ್ತು.

"ಸಾಕು," ಎಂದ ಅವ್ವಣ್ಣ. "ಪ್ರೇಮ್ಯಾ, ಹಿಡೀರಿ."

ಪ್ರೇಮಕುಮಾರನೂ ಶರಣಮ್ಮನ ಗಂಡನೂ ಓಣಿಯ ಇನ್ನಿಬ್ಬರೂ ಹುಲಿಗೆವ್ವನನ್ನು ಎತ್ತಿದರು. ಹೆಂಗಸರ ಅಳು ಒಮ್ಮೆಲೇ ಎದ್ದಿತು. ಶರಣಮ್ಮನ ಸೂಜಿ ಇನ್ನೂ ಓಡುತ್ತಿತ್ತು. ಮೂರು ಅಂಚು ಮುಚ್ಚಿದ್ದವು, ನಾಲ್ಕನೆಯದರ ಅರ್ಧ ಬಾಯಿ ತೆರೆದೇ ಇತ್ತು.

"ಯವ್ವಾ, ಎತ್ತಿ ಆತು." ಅವ್ವಣ್ಣ ಅವಳ ಮುಂದೆ ನಿಂತು ಮೆತ್ತಗೆ ಹೇಳಿದ. "ಮಾತಂದ್ರ ಮಾತು. ಕೊಡು."

ಶರಣಮ್ಮ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿದಳು. ಬೆಂಚು ಖಾಲಿಯಾಗಿದ್ದನ್ನು ನೋಡಿದಳು. ಆಮೇಲೆ ತೊಡೆಯ ಮೇಲಿದ್ದುದನ್ನು ಸರಿಸಿ ಎದ್ದಳು.

ಕೌದಿ ಅವಳ ಜೊತೆಗೇ ಎದ್ದಿತು.

ಕೌದಿ ಹೊಲಿಯಲು ಕೂತವರು ಮೊದಲು ಮಾಡುವ ಕೆಲಸ ತಮ್ಮ ಸೀರೆಯನ್ನು ತೊಡೆಯಡಿಗೆ ಒತ್ತಿಟ್ಟುಕೊಳ್ಳುವುದು. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನೋಡಿ ಬರುತ್ತದೆ. ಅವ್ವ ಸೂಜಿ ತೆಗೆದಾಗಲೆಲ್ಲ ಎದ್ದು ಹೊರಗೆ ಹೋದವಳಿಗೆ ಅದು ಬಂದಿರಲಿಲ್ಲ. ಅವಳು ಶುರುವಿನಿಂದ ಕೊನೆಯವರೆಗೆ ಕೌದಿಯ ಜೊತೆ ತನ್ನ ಸೀರೆಯ ನಿರಿಗೆಗಳನ್ನೂ ಸೇರಿಸಿ ಹೊಲಿದಿದ್ದಳು.

ಅದನ್ನು ಅರಿಯದ ಅವ್ವಣ್ಣ ತುದಿ ಹಿಡಿದು ಎಳೆದ. ಕೌದಿ ಬರುವ ಬದಲು ನಿರಿಗೆ ಬಂತು. ಅಕ್ಕನ ಮಗಳ ಸೀರೆ ಸೋದರಮಾವನ ಕೈಯಲ್ಲಿ, ನಡುಬೀದಿಯಲ್ಲಿ, ಹೆಣದ ಮುಂದೆ. ಕೆಂಡ ಮುಟ್ಟಿದವನ ಹಾಗೆ ಅವನು ಕೈ ಬಿಟ್ಟ. ಓಣಿಯ ಗಂಡಸರೆಲ್ಲ ಆಕಾಶ ನೋಡಿದರು. ಭೋಸರಿಯ ಆಕಾಶವನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

"ನಾ ಬೇಕಂತ ಮಾಡಿಲ್ಲ ಮಾಮಾ."

"ಬೇಕಂತ ಮಾಡಾಕ ನಿನಗ ಹೊಲಿಗಿ ಎಲ್ಲಿ ಬರ್ತದ," ಎಂದ ಅವ್ವಣ್ಣ ಮುಖ ತಿರುಗಿಸಿಕೊಂಡೇ. "ಕತ್ತರಿ ತರ್ರಿ ಯಾರರ."

"ಇಲ್ಲೇ ಇತ್ತಲ್ಲ," ಎಂದಳು ಇಂದೂ.

"ದಿಸತ್ ನಾಹೀ," ಎಂದಳು ಗೋದಾಬಾಯಿ. ಕಾಣುವುದಾದರೂ ಹೇಗೆ, ಕತ್ತರಿಯ ಮೇಲೆ ಅವಳೇ ಕೂತಿದ್ದಳು. ಶರಣಮ್ಮನ ಸೂಜಿ ಮೊದಲ ಸಲ ಸೀರೆಯನ್ನು ಕಚ್ಚಿದ್ದನ್ನು ಅವಳು ಕಂಡಿದ್ದಳು. ಹೇಳಲು ಬಾಯಿ ತೆರೆದು, ಬೆಂಚಿನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡಿದ್ದಳು.

"ಹಂಗಾರ ಬಿಚ್ಚು."

"ಬಿಚ್ಚಾಕ ಹೊಲಿದಷ್ಟೇ ಹೊತ್ತು ಬೇಕು ಅವ್ವಣ್ಣಾ."

ಬಾಬು ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಶರಣಮ್ಮ ಕೌದಿಯನ್ನು ಎರಡೂ ತೋಳಲ್ಲಿ ಬಾಚಿಕೊಂಡು ಗಾಡಿ ಹತ್ತಿದಳು.

*

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಕುಣಿಗೆ ಅವ್ವಣ್ಣನೂ ಪ್ರೇಮಕುಮಾರನೂ ಇಳಿದು ಹುಲಿಗೆವ್ವನನ್ನು ಮಲಗಿಸಿದರು. ಅವ್ವಣ್ಣ ಅವಳ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಸ್ವಲ್ಪ ಹೊತ್ತು ಒತ್ತಿ ಹಿಡಿದ. ಪ್ರೇಮಕುಮಾರ ಮೇಲೆ ಹತ್ತಿದ. ಅವ್ವಣ್ಣ ತಲೆ ಎತ್ತಿದ. ಕುಣಿಯ ಅಂಚಿನಲ್ಲೇ ಶರಣಮ್ಮ ನಿಂತಿದ್ದಳು.

ಅವನು ಅವಳ ಕಡೆಗೆ ಎರಡೂ ಕೈ ಚಾಚಿದ.

ಶರಣಮ್ಮ ಕೌದಿಯನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಎತ್ತವ್ವಾ," ಎಂದ ಅವ್ವಣ್ಣ. "ಮಣಕಾಲು ಬರವಲ್ದು."

ಅವಳು ಒಂದು ಕೈಯಲ್ಲಿ ಕೌದಿ ಹಿಡಿದು ಇನ್ನೊಂದು ಕೈ ಕೊಟ್ಟಳು. ಪ್ರೇಮಕುಮಾರ ರಟ್ಟೆ ಹಿಡಿದ. ಅವ್ವಣ್ಣ ಮೇಲೆ ಬಂದ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು, ಆಮೇಲೆ ಸನಿಕೆಗಳು ಆಡಿದವು, ಆಮೇಲೆ ಜನ ನಳದ ಕಡೆ ಕೈಕಾಲು ತೊಳೆಯಲು ಹೊರಟರು.

ಶರಣಮ್ಮ ಹೊರಡಲಿಲ್ಲ. ಹೊಸ ಮಣ್ಣಿನ ಪಕ್ಕದಲ್ಲೇ ಕೂತು, ಬಟ್ಟೆಯಲ್ಲಿ ಚುಚ್ಚಿದ್ದ ಸೂಜಿಯನ್ನು ಹುಡುಕಿ ತೆಗೆದಳು.

"ಇಲ್ಲಿ ಯಾಕ ಕೂತಿ? ಮನೀಗಿ ನಡಿ, ಅಲ್ಲಿ ಹೊಲಿ," ಎಂದ ಅವ್ವಣ್ಣ.

"ಅರ್ಧ ಕೌದಿ ಮನ್ಯಾಗ ಇಡಬಾರ್ದು ಅಂದ್ಯಲ್ಲ."

ನಳದ ಹತ್ತಿರದಿಂದ ಪ್ರೇಮಕುಮಾರ ಕೂಗಿದ. ಅವ್ವಣ್ಣ ಆ ಕಡೆ ಎರಡು ಹೆಜ್ಜೆ ಹಾಕಿದ, ನಿಂತ, ತಿರುಗಿ ನೋಡಿದ. ತೆರೆದ ಅಂಚು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಶರಣಮ್ಮ ಒಂದು ಕೈಯಿಂದ ಮಡಚುವಷ್ಟರಲ್ಲಿ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು.

ಅವನು ತಿರುಗಿ ಬಂದು ಮಣಕಾಲು ಹಿಡಿದುಕೊಂಡು ನಿಧಾನವಾಗಿ ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಮಣ್ಣು ಮೆತ್ತಿದ ಎರಡು ಹೆಬ್ಬೆರಳುಗಳಿಂದ ಅಂಚನ್ನು ಮಡಚಿ ಒತ್ತಿ ಹಿಡಿದ. ಅವಳು ಹೊಲಿದಳು. ಸೂಜಿ ತನ್ನ ಬೆರಳಿನ ಹತ್ತಿರ ಬಂದಾಗಲೆಲ್ಲ ಅವನು ಕೈಯನ್ನು ಒಂದಿಷ್ಟು ಹಿಂದೆ ಸರಿಸಿ, ಮತ್ತೆ ಗಟ್ಟಿಯಾಗಿ ಹಿಡಿಯುತ್ತಿದ್ದ.